ಎಂಒಟಿ ಸೀಟು ಕೊಡಿಸ್ತೇವೆ ಅನ್ನುವವರ ಕೈಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಡಿ

ಬಿಒಟಿ (ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ) ಮುಗಿಸಿ ಎಂಒಟಿ (ಅದರ ಮಾಸ್ಟರ್ ಡಿಗ್ರಿ) ಮಾಡಬೇಕು ಅಂತಿರುವ ಮಂಗಳೂರು, ಉಡುಪಿ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಜೂನಿಯರ್‌ಗಳಿಗೂ ಕಳಿಸಿ. ಹಂಪನಕಟ್ಟೆ ಆಸುಪಾಸಿನಲ್ಲಿ ಅಡ್ಮಿಷನ್ ಕನ್ಸಲ್ಟೆನ್ಸಿ ಅಂತ ಬೋರ್ಡು ಹಾಕಿಕೊಂಡ ಒಂದು ಆಫೀಸು ನನ್ನಿಂದ 75,000 ರೂಪಾಯಿ ತೆಗೆದುಕೊಂಡಿತು. ಇಲ್ಲದ ಕೋರ್ಸಿಗೆ. ಹೌದು, ಇಲ್ಲದ ಕೋರ್ಸಿಗೆ. ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ, ಹಾಗಾಗಿ ಹೆಸರು ಹಾಕುವುದಿಲ್ಲ. ಆದರೆ ಅವರು ಹೇಗೆ ಮಾತಾಡುತ್ತಾರೆ, ಏನು ತೋರಿಸುತ್ತಾರೆ, ಏನು ಮುಚ್ಚಿಡುತ್ತಾರೆ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ನಾನು ಉಡುಪಿಯ ಒಂದು ಮಕ್ಕಳ ಥೆರಪಿ ಸೆಂಟರ್‌ನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಬರೆಯುವುದು, ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು ಇಂಥ ದಿನದ ಕೆಲಸ ತಾವೇ ಮಾಡುವ ಹಾಗೆ ಮಾಡುವ ಚಿಕಿತ್ಸೆ ಇದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕೆಯ ತೊಂದರೆ ಇರುವ ಮಕ್ಕಳು ಬರುತ್ತಿದ್ದರು. ಅದರಲ್ಲೂ ಕೈಬರಹ ಕಷ್ಟವಾಗುವ ಮಕ್ಕಳ ಕೆಲಸ ನನಗೆ ತುಂಬಾ ಇಷ್ಟ. ನಾನು ಕಲಿತ ಕೈಬರಹದ ಪರೀಕ್ಷೆಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು. ನಮ್ಮ ಮಕ್ಕಳು ಬರೆಯುವುದು ಕನ್ನಡ. ಗುಂಡಗಿನ ಅಕ್ಷರ, ಮೇಲೆ ತಲೆಕಟ್ಟು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತಕ್ಷರ. ಒತ್ತಕ್ಷರ ಬರೆಯುವಾಗ ಮಗುವಿನ ಕೈ ಎಲ್ಲಿ ತಡವರಿಸುತ್ತದೆ ಅಂತ ಸರಿಯಾಗಿ ಅಳೆಯುವ ಸಾಧನ ನನ್ನ ಹತ್ತಿರ ಇರಲಿಲ್ಲ. ಎಂಒಟಿ ಪೀಡಿಯಾಟ್ರಿಕ್ಸ್ ಮಾಡಬೇಕು, ಇದನ್ನೇ ಡಿಸರ್ಟೇಷನ್‌ಗೆ ತೆಗೆದುಕೊಳ್ಳಬೇಕು, ಆಮೇಲೆ ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತ ಆಸೆ ಇತ್ತು. ಮಣಿಪಾಲದಲ್ಲಿ ಎಂಒಟಿ ಇದೆ, ನಮ್ಮ ಮನೆಗೆ ಹತ್ತಿರ ಕೂಡ. ಆದರೆ ಆ ಫೀಸು ನಮ್ಮ ಮನೆಯ ಕೈಗೆ ಎಟುಕುವುದಲ್ಲ. ಅದಕ್ಕೇ ಬೇರೆ ಕಡೆ ನೋಡುತ್ತಿದ್ದೆ.

ಸೀಟು ಕೊಡಿಸುತ್ತೇವೆ ಅನ್ನುವ ಇಂಥ ಏಜೆಂಟರಿಗೆ ಒಂದು ದೊಡ್ಡ ಅನುಕೂಲ ಉಂಟು. ನಮ್ಮ ಕೋರ್ಸ್ ಬಗ್ಗೆ ಹೊರಗಿನವರಿಗೆ ಏನೂ ಗೊತ್ತಿಲ್ಲ. 1950ರಲ್ಲೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಅವರು ಆಕ್ಯುಪೇಷನಲ್ ಥೆರಪಿ ಶಾಲೆ ಶುರು ಮಾಡಿದ್ದಾರೆ. ಇವತ್ತಿಗೂ ನೆಂಟರು "ಫಿಸಿಯೋ ಅಲ್ವಾ ನೀನು?" ಅಂತಲೇ ಕೇಳುವುದು. ಎಂಬಿಬಿಎಸ್ ಸೀಟು ಅಂದರೆ ಪಕ್ಕದ ಮನೆಯವರಿಗೂ ಕಟ್‌ಆಫ್ ಗೊತ್ತಿರುತ್ತದೆ. ಎಂಒಟಿ ಸೀಟು ಅಂದರೆ ಅಪ್ಪ ಅಮ್ಮ ಯಾರ ಹತ್ತಿರ ವಿಚಾರಿಸಬೇಕು? ಆ ಹಂಪನಕಟ್ಟೆ ಆಫೀಸಿನ ಮನುಷ್ಯ ಬದುಕುತ್ತಿರುವುದೇ ಇದರ ಮೇಲೆ.

ಮೊದಲ ದಿನ ಎಷ್ಟು ಮರ್ಯಾದೆ ಅಂತೀರಿ! ಎಳನೀರು ತರಿಸಿದರು. ನನ್ನ ಅಪ್ಪನನ್ನು ಕುರ್ಚಿ ಎಳೆದು ಕೂರಿಸಿದರು. "ಅಂಕಲ್, ನಿಮ್ಮ ಮಗಳ ಮಾರ್ಕಿಗೆ ಸೀಟು ಸಿಕ್ಕಿಯೇ ಸಿಕ್ತದೆ. ಪೀಡಿಯಾಟ್ರಿಕ್ಸ್‌ಗೆ ಗೈಡ್ ಇದ್ದಾರೆ. ಯೂನಿವರ್ಸಿಟಿ ಅಪ್ರೂವಲ್ ಉಂಟು. ಕ್ಲಿನಿಕಲ್ ಪೋಸ್ಟಿಂಗ್ ಮಂಗಳೂರಿನಲ್ಲೇ ಮಾಡಿಸುವ." ಕಾಲೇಜು ನಮ್ಮ ಜಿಲ್ಲೆಯದ್ದಲ್ಲ, ಹೊರಗಿನದು. ಹಾಗಾಗಿ ಪೋಸ್ಟಿಂಗ್ ಮಂಗಳೂರಿನಲ್ಲೇ ಅಂದದ್ದು ಅಪ್ಪನಿಗೆ ತುಂಬಾ ಹಿಡಿಸಿತು.

ಮತ್ತೆ ಅವನು ಹೇಳಿದ್ದು, "ಇದು ಡಬ್ಲ್ಯುಎಫ್‌ಒಟಿ ಅಪ್ರೂವ್ಡ್ ಎಂಒಟಿ ಮೇಡಂ, ಮುಗಿಸಿ ಸೀದಾ ಕೆನಡಾ." ಆಗಲೇ ನಾನು ತಡೆದು ಕೇಳಿದೆ. ಡಬ್ಲ್ಯುಎಫ್‌ಒಟಿ 1952ರಲ್ಲಿ ಹತ್ತು ದೇಶಗಳ ಆಕ್ಯುಪೇಷನಲ್ ಥೆರಪಿ ಸಂಘಗಳು ಸೇರಿ ಮಾಡಿದ ಜಾಗತಿಕ ಒಕ್ಕೂಟ, ಅದರಲ್ಲಿ ಭಾರತವೂ ಒಂದು. ಅದು ಒಪ್ಪಿಗೆ ಕೊಡುವುದು ವೃತ್ತಿಗೆ ಸೇರುವ ಮೊದಲ ಕೋರ್ಸಿಗೆ. ನಮ್ಮಲ್ಲಿ ಅಂದರೆ ಬಿಒಟಿಗೆ. ಕಡಿಮೆ ಅಂದರೂ 1,000 ಗಂಟೆ ಫೀಲ್ಡ್‌ವರ್ಕ್ ಇರಬೇಕು ಅನ್ನುವುದೆಲ್ಲ ಅದಕ್ಕೇ. ಬಿಒಟಿ ಮಾಡಿದವರು ಸೇರುವ ಎಂಒಟಿಗೆ ಡಬ್ಲ್ಯುಎಫ್‌ಒಟಿ ಅಪ್ರೂವಲ್ ಹೇಗೆ ಬರುತ್ತದೆ ಅಂತ ಕೇಳಿದೆ. ಅವನು ನಗುತ್ತಾ, "ಅದೆಲ್ಲ ಹಳೇ ರೂಲ್ಸ್ ಮೇಡಂ, ಈಗ ಹೊಸ ಕಮಿಷನ್ ಬಂದಿದೆ, ಎಲ್ಲ ಚೇಂಜ್" ಅಂದ.

ಇದನ್ನು ಗಮನಿಸಿ. ಇವರು ಪೂರ್ತಿ ಸುಳ್ಳು ಹೇಳುವುದಿಲ್ಲ. ಅರ್ಧ ನಿಜ ಇಟ್ಟು ಮಾತಾಡುತ್ತಾರೆ. ಹೊಸ ಕಮಿಷನ್ ಇರುವುದು ನಿಜ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಿಂದ ಬಂದ ಕಮಿಷನ್ ಅದು, ಆ ಕಾಯ್ದೆಯಲ್ಲಿ ಆಕ್ಯುಪೇಷನಲ್ ಥೆರಪಿ ಇರುವುದೂ ನಿಜ. ಹೊಸ ನಿಯಮ ಅಂದ ಕೂಡಲೇ ಎದುರಿಗಿರುವವರು ಸುಮ್ಮನಾಗುತ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಯೂನಿವರ್ಸಿಟಿ ಅಪ್ರೂವಲ್ ಲೆಟರ್ ತೋರಿಸಿ ಅಂದೆ. ತೋರಿಸಿದ. ಫೋನಿನಲ್ಲಿ. ವಾಟ್ಸಾಪಿಗೂ ಕಳಿಸಿದ. ಯೂನಿವರ್ಸಿಟಿಯ ಲೆಟರ್‌ಹೆಡ್, ಕಾಲೇಜಿನ ಹೆಸರು, ನಂಬರು, ತಾರೀಕು, ಆಕ್ಯುಪೇಷನಲ್ ಥೆರಪಿ ಅಂತ ವಿಷಯ, ಎಲ್ಲ ಇತ್ತು. ಕೆಳಗೆ ಸಹಿ ಇರುವ ಭಾಗ ಫೋಟೋದಲ್ಲಿ ಬಂದಿರಲಿಲ್ಲ. ಪೂರ್ತಿ ಕಾಪಿ ಕೊಡಿ ಅಂದದ್ದಕ್ಕೆ "ಕಾಲೇಜಿನಲ್ಲಿ ಕೊಡ್ತಾರೆ, ಇವತ್ತು ಬ್ಲಾಕ್ ಮಾಡದಿದ್ರೆ ಸೀಟು ಹೋಗ್ತದೆ" ಅಂದ. ಅಮ್ಮನ ಬಳೆ ಸೊಸೈಟಿಯಲ್ಲಿ ಇಟ್ಟು ದುಡ್ಡು ಹೊಂದಿಸಿದೆವು. ಯುಪಿಐ ಮಾಡಿದ್ದು ಅವನದೇ ಹೆಸರಿನ ಅಕೌಂಟಿಗೆ. ವೆರಿಫಿಕೇಷನ್‌ಗೆ ಬೇಕು ಅಂತ ಹೇಳಿ ಬಿಒಟಿಯ ಅಷ್ಟೂ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಇಂಟರ್ನ್‌ಷಿಪ್ ಸರ್ಟಿಫಿಕೇಟ್ ತೆಗೆದುಕೊಂಡ. ಪಿಯುಸಿದೂ ಬಿಡಲಿಲ್ಲ.

ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಎಂಒಟಿ ಎರಡು ವರ್ಷದ ಫುಲ್‌ಟೈಮ್ ಕೋರ್ಸ್, ಕೆಲಸದ ಜೊತೆ ಆಗುವುದಿಲ್ಲ. ಸೆಂಟರ್‌ನಲ್ಲಿ ಕೇಕ್ ಕಟ್ ಮಾಡಿಸಿದರು. ಒಬ್ಬ ಹುಡುಗನ ಅಮ್ಮ ಕುಂದಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. "ಮೇಡಂ, ನೀವು ಹೋದ್ರೆ ಇವನಿಗೆ ಯಾರು?" ಅಂತ ಕೇಳಿದರು, ಆಮೇಲೆ ಅವರೇ "ಓದಿ ಬನ್ನಿ, ನಮ್ಮಂಥವರಿಗೆ ಒಳ್ಳೇದಾಗ್ತದೆ" ಅಂದರು. ಈಗ ಅವರ ಮುಖ ನೋಡಲು ನನಗೆ ಆಗುತ್ತಿಲ್ಲ.

ಕಾಲೇಜಿಗೆ ಹೋದ ದಿನದ ವಿಷಯ ಬರೆಯಬೇಕು. ಬರೆಯಲು ಕಷ್ಟ, ಆದರೂ ಬರೆಯುತ್ತೇನೆ.

ಆಫೀಸ್ ಕೌಂಟರಿನಲ್ಲಿ ಒಬ್ಬರು ಹಿರಿಯ ಕ್ಲರ್ಕ್ ಇದ್ದರು. ಎಂಒಟಿ ಅಡ್ಮಿಷನ್‌ಗೆ ಬಂದಿದ್ದೇನೆ ಅಂದೆ. ಅವರು ನನ್ನನ್ನೂ ಅಪ್ಪನನ್ನೂ ನೋಡಿ, "ಎಂಒಟಿನಾ? ಇಲ್ಲಿ ಬಿಒಟಿ ಮಾತ್ರ ಇರೋದಮ್ಮ. ಎಂಒಟಿಗೆ ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ" ಅಂದರು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಫೋನ್ ತೆಗೆದು ಲೆಟರ್ ತೋರಿಸಿದೆ. ಅವರು ಕನ್ನಡಕ ಹಾಕಿ ನಂಬರು ಓದಿ, ಒಳಗೆ ಹೋಗಿ ಫೈಲ್ ತಂದು ಬಿಚ್ಚಿದರು. ಅದೇ ಲೆಟರ್. ಅದೇ ನಂಬರು. ಅದೇ ತಾರೀಕು. ಫೋಟೋದಲ್ಲಿ ಬಾರದ ಭಾಗದಲ್ಲಿ ಒಂದು ಟೇಬಲ್ ಇತ್ತು, ಅದರಲ್ಲಿ ಒಂದೇ ಸಾಲು. ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ, ಮುಂದೆ ಸೀಟಿನ ಸಂಖ್ಯೆ. ಅಷ್ಟೇ. ಮಾಸ್ಟರ್ ಅನ್ನುವ ಪದವೇ ಆ ಹಾಳೆಯಲ್ಲಿ ಇರಲಿಲ್ಲ. ಆ ಸಾಲಿನ ಸರಿಯಾಗಿ ಮೇಲೆ ಫೋಟೋ ಕತ್ತರಿಸಿದ್ದಾನೆ! ಸಹಿ ಬಿಟ್ಟುಹೋದದ್ದಲ್ಲ, ಆ ಸಾಲು ಕಾಣಬಾರದು ಅಂತಲೇ ಕತ್ತರಿಸಿದ್ದು!

ಅಪ್ಪ ಮೆಲ್ಲಗೆ ಕೇಳಿದರು, "ದುಡ್ಡು ಕಟ್ಟಿದ್ದೇವಲ್ಲ ಸಾರ್?" ಕ್ಲರ್ಕ್ ಹೇಳಿದ್ದು, "ನಮಗೆ ಒಂದು ರೂಪಾಯಿ ಬಂದಿಲ್ಲ." ಸುತ್ತ ಬಿಒಟಿ ಮೊದಲ ವರ್ಷಕ್ಕೆ ಸೇರಲು ಬಂದ ಮಕ್ಕಳು, ಅವರ ಮನೆಯವರು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನಾಲ್ಕೂವರೆ ವರ್ಷ ಇದೇ ಓದಿದವಳು ನಾನು. ಅಪ್ಪನ ಎದುರು, ಆ ಮಕ್ಕಳ ಎದುರು ಹಾಗೆ ನಿಲ್ಲಬೇಕಾಗಿ ಬಂತಲ್ಲ, ಅದನ್ನು ನಾನು ಅವನಿಗೆ ಕ್ಷಮಿಸುವುದಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ, ಯಾಕೆಂದರೆ ನಿಮಗೂ ಇವೇ ಉತ್ತರ ಬರಬಹುದು.

"ಮೇಡಂ, ನೀವು ಎಂತಕ್ಕೆ ಟೆನ್ಶನ್ ಮಾಡುವುದು? ಬೆಂಗಳೂರಲ್ಲಿ ಫೈಲ್ ಮೂವ್ ಆಗಿದೆ, ಅಪ್ರೂವಲ್ ಬರ್ತಾ ಉಂಟು."

ಬಂದಿಲ್ಲದ್ದನ್ನು ಬಂದಿದೆ ಅಂತ ಯಾಕೆ ಹೇಳಿದಿರಿ ಅಂತ ಕೇಳಿದೆ. "ಎಲ್ಲ ಕಡೆ ಹೀಗೇ ಅಡ್ಮಿಷನ್ ಆಗುವುದು ಮೇಡಂ."

ಆಮೇಲೆ ಹೊಸ ಐಡಿಯಾ ತಂದ. "ಈಗ ಒಂದು ಆನ್‌ಲೈನ್ ಪಿಜಿ ಡಿಪ್ಲೊಮಾ ಸೇರಿ. ಅಪ್ರೂವಲ್ ಬಂದ ಮೇಲೆ ಸೀದಾ ಎಂಒಟಿ ಸೆಕೆಂಡ್ ಇಯರಿಗೆ ಹಾಕುವ." ಡಿಪ್ಲೊಮಾದಿಂದ ಎಂಒಟಿ ಎರಡನೇ ವರ್ಷಕ್ಕೆ ಹಾರುವ ದಾರಿ ಎಲ್ಲಿದೆ? ಆ ಹೊಸ ಕಮಿಷನ್ ಕೆಳಗೆ ಬರುವ ಆರೋಗ್ಯ ಸೇವೆಯ ಕೋರ್ಸ್‌ಗಳನ್ನು ದೂರಶಿಕ್ಷಣ, ಆನ್‌ಲೈನ್‌ನಲ್ಲಿ ನಡೆಸಬಾರದು ಅಂತ ಯುಜಿಸಿ 2025ರಲ್ಲಿ ಹೇಳಿಯಾಗಿದೆ. ಹೊಸ ಕಮಿಷನ್ ಅಂತ ನನಗೆ ಪಾಠ ಮಾಡಿದವನಿಗೆ ಇದು ಗೊತ್ತಿಲ್ವಾ?

ನನ್ನ ಡಿಸರ್ಟೇಷನ್ ವಿಷಯ ಎತ್ತಿದಾಗ ಹೇಳಿದ ಮಾತು ಕೇಳಿ. "ಥೀಸಿಸ್ ರೆಡಿ ಸಿಕ್ತದೆ ಮೇಡಂ, 25,000 ಎಕ್ಸ್‌ಟ್ರಾ. ನೀವು ಎಂತ ಮಕ್ಕಳನ್ನು ಬರೆಸ್ತಾ ಕೂರುವುದು?" ಆ ಮಕ್ಕಳಿಗಾಗಿ ಅಲ್ವಾ ನಾನು ಓದಲು ಹೊರಟದ್ದು.

ಎಲ್ಲಕ್ಕಿಂತ ಉರಿದದ್ದು ಯಾವುದು ಗೊತ್ತಾ? ದುಡ್ಡು ವಾಪಸ್ ಕೊಡಿ ಅಂದಾಗ ಅವನು ಕಳಿಸಿದ ವಾಯ್ಸ್ ಮೆಸೇಜ್. "ನೀವು ಓದಿದವರು, ನಿಮಗೇ ಗೊತ್ತಾಗ್ಬೇಕಿತ್ತು." ಮೋಸ ಮಾಡಿದವನು ಹೇಳುವ ಮಾತಾ ಇದು? ಫೋಟೋ ಕತ್ತರಿಸಿದವನು ಹೇಳುವ ಮಾತಾ? ನಾನು ಕೇಳಿದ್ದೆ. ಲೆಟರ್ ಕೇಳಿದ್ದೆ, ಪೂರ್ತಿ ಕಾಪಿ ಕೇಳಿದ್ದೆ, ಡಬ್ಲ್ಯುಎಫ್‌ಒಟಿ ಬಗ್ಗೆ ಕೇಳಿದ್ದೆ. ಕೇಳಿದ್ದಕ್ಕೆಲ್ಲ ಸುಳ್ಳು ಹೇಳಿ, ಕೊನೆಗೆ ನನಗೇ ಗೊತ್ತಾಗಬೇಕಿತ್ತಂತೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸೀಟು ಬಿಟ್ಟರೆ ಫೀಸು ವಾಪಸ್ ಕೊಡಲು ಯುಜಿಸಿಯ 2018ರ ನಿಯಮ ಇದೆ. ಅಡ್ಮಿಷನ್‌ನ ಕೊನೆಯ ತಾರೀಕಿಗೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಪೂರ್ತಿ ಫೀಸು ಕೊಡಬೇಕು, ಪ್ರೊಸೆಸಿಂಗ್ ಅಂತ ಹಿಡಿಯುವುದು 5,000 ರೂಪಾಯಿ ಮೀರಬಾರದು. ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳಬಾರದು ಅಂತಲೂ ಅದರಲ್ಲೇ ಇದೆ. ಇದನ್ನು ಹೇಳಿದರೆ ಅವನು ರಶೀದಿ ನೋಡಿ ಅಂದ. ರಶೀದಿಯಲ್ಲಿ ಬರೆದದ್ದು "ಕೌನ್ಸೆಲಿಂಗ್ ಸೇವಾ ಶುಲ್ಕ". ಸೀಟು ಬ್ಲಾಕ್ ಮಾಡಲು ಅಂತ ತೆಗೆದುಕೊಂಡ ದುಡ್ಡು, ಪ್ರಿಂಟ್ ಆಗಿ ಬರುವಾಗ ಸೇವಾ ಶುಲ್ಕ! "ಇದು ಕಾಲೇಜ್ ಫೀಸ್ ಅಲ್ಲ ಮೇಡಂ, ಯುಜಿಸಿ ಇದಕ್ಕೆ ಬರುವುದಿಲ್ಲ. ಕೌನ್ಸೆಲಿಂಗ್ ಆಗಿದೆಯಲ್ಲ." ಕಾಲೇಜು ನಮಗೆ ದುಡ್ಡು ಬಂದಿಲ್ಲ ಅನ್ನುತ್ತದೆ, ಇವನು ಇದು ಫೀಸೇ ಅಲ್ಲ ಅನ್ನುತ್ತಾನೆ. ನಡುವೆ ನಮ್ಮ 75,000.

ಮಾರ್ಕ್ಸ್ ಕಾರ್ಡ್ ಕಾಲೇಜಿನಲ್ಲಿದೆ ಅಂತ ಹೇಳಿದ್ದ. ಅದು ಇದ್ದದ್ದು ಅವನ ಆಫೀಸಿನ ಗೋದ್ರೇಜ್ ಕಪಾಟಿನಲ್ಲಿ. ಆ ಕಪಾಟಿನಲ್ಲಿ ಬೇರೆ ಎಷ್ಟೋ ಮಕ್ಕಳ ಫೈಲು ಜೋಡಿಸಿಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. "ಬ್ಯಾಲೆನ್ಸ್ ಕ್ಲಿಯರ್ ಮಾಡಿ, ಕೊಡ್ತೇವೆ" ಅಂದ. ಯಾವ ಬ್ಯಾಲೆನ್ಸ್ ಮಾರಾಯ್ರೆ? ಚಿಕ್ಕಪ್ಪ ಬಂದು ಜೋರು ಮಾಡಿ, ಇಲ್ಲಿಂದ ಸೀದಾ ಸ್ಟೇಷನ್‌ಗೆ ಹೋಗುತ್ತೇವೆ ಅಂದ ಮೇಲೆ ಕೊಟ್ಟ. ಅಷ್ಟರಲ್ಲಿ ಬೇರೆ ಕಾಲೇಜುಗಳ ತಾರೀಕು ಮುಗಿದಿತ್ತು. ಒರಿಜಿನಲ್ ಇಲ್ಲದೆ ನಾನು ಎಲ್ಲಿಗೂ ಹೋಗುವ ಹಾಗೆ ಇರಲಿಲ್ಲ. ಒಂದು ವರ್ಷ ಹೋಯಿತು. ಸೆಂಟರ್‌ನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದರು. ಈಗ ಅರ್ಧ ದಿನದ ಕೆಲಸ ಸಿಕ್ಕಿದೆ.

ನೀವು ಇಷ್ಟಾದರೂ ಮಾಡಿ. ಯೂನಿವರ್ಸಿಟಿ ಒಪ್ಪಿಗೆ ಕೊಡುವುದು ಒಂದೊಂದು ಕೋರ್ಸಿಗೆ ಬೇರೆ ಬೇರೆ. ಬಿಒಟಿ ಇದೆ ಅಂದರೆ ಎಂಒಟಿ ಇದೆ ಅಂತಲ್ಲ. ಲೆಟರಿನ ಎಲ್ಲಾ ಪುಟ ಪೇಪರಿನಲ್ಲೇ ನೋಡಿ, ಮಾಸ್ಟರ್ ಅಂತ ಬರೆದಿದೆಯಾ, ಈ ವರ್ಷದ್ದಾ, ಎಷ್ಟು ಸೀಟು ಅಂತ ಓದಿ. ಕಾಲೇಜಿನ ಒಟಿ ವಿಭಾಗಕ್ಕೆ ನೀವೇ ಫೋನ್ ಮಾಡಿ, ನಿಮ್ಮ ಸ್ಪೆಷಾಲಿಟಿಗೆ ಗೈಡ್ ಯಾರು ಅಂತ ಕೇಳಿ, ಸಾಧ್ಯವಾದರೆ ಅವರ ಹತ್ತಿರವೇ ಮಾತಾಡಿ. ದುಡ್ಡು ಕಾಲೇಜಿನ ಅಕೌಂಟಿಗೆ ಮಾತ್ರ. ಒರಿಜಿನಲ್ ಕಾಲೇಜಿನ ಕೌಂಟರಿನಲ್ಲಿ ತೋರಿಸಿ, ಏಜೆಂಟ್ ಕೈಗೆ ಜೆರಾಕ್ಸ್ ಕೂಡ ಕೊಡಬೇಡಿ.

ಈಗಾಗಲೇ ಸಿಕ್ಕಿಹಾಕಿಕೊಂಡವರು ಸುಮ್ನೆ ಕೂರಬೇಡಿ. 1915 ಗ್ರಾಹಕ ಸಹಾಯವಾಣಿ. ನಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಅವರ ಆಫೀಸು ಮಂಗಳೂರಿನಲ್ಲಿದ್ದರೂ ನೀವು ಉಡುಪಿಯಲ್ಲಿದ್ದರೆ ಉಡುಪಿಯಲ್ಲೇ ಆಗುತ್ತದೆ. ಐದು ಲಕ್ಷದವರೆಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ನಾನು ಹಾಕಿದ್ದೇನೆ. ವಾಯ್ಸ್ ಮೆಸೇಜ್, ಕತ್ತರಿಸಿದ ಫೋಟೋ, ರಶೀದಿ ಎಲ್ಲ ಕೊಟ್ಟಿದ್ದೇನೆ. ದೂರು ಹಾಕಿದ್ದು ಗೊತ್ತಾದ ಮೇಲೆ ಅವನು ಅಪ್ಪನಿಗೆ ಫೋನ್ ಮಾಡಿ "ಹೆಣ್ಣುಮಗಳ ಹೆಸರು ಕೋರ್ಟು ಕಚೇರಿ ಅಂತ ಹೊರಗೆ ಬಂದ್ರೆ ನಿಮಗೇ ಕಷ್ಟ ಅಂಕಲ್" ಅಂದ. ಅಪ್ಪ ಆ ಕಾಲ್ ಕೂಡ ರೆಕಾರ್ಡ್ ಮಾಡಿ ನನಗೆ ಕೊಟ್ಟರು.

ನಿನ್ನೆ ಅವನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದ್ದಾನೆ, "ಎಂಒಟಿ ಪೀಡಿಯಾಟ್ರಿಕ್ಸ್, ಕೆಲವೇ ಸೀಟು ಬಾಕಿ" ಅಂತ. ಕೆಳಗೆ ಅದೇ ಲೆಟರಿನ ಅದೇ ಫೋಟೋ. ಅದನ್ನು ನೋಡಿ ಯಾರಾದರೂ ಹಂಪನಕಟ್ಟೆಗೆ ಹೊರಟಿದ್ದರೆ ನಿಲ್ಲಿಸಿ. ಹೋಗಿ ದುಡ್ಡು ಕೊಟ್ಟಾಗಿದ್ದರೆ ನನಗೆ ಮೆಸೇಜ್ ಮಾಡಿ, ಆಯೋಗಕ್ಕೆ ಒಟ್ಟಿಗೆ ಹೋಗುವ.