ಡ್ರಿಲ್‌ಗೆ ಹಾಕುವ ಆಗರ್: ಮೂರು ವರ್ಷ ಗುಂಡಿ ತೋಡಿದ ಮೇಲೆ

ಮೂರು ವರ್ಷದ ಹಿಂದೆ ಒಂದೇ ದಿನ ನೂರಿಪ್ಪತ್ತು ಚೆಂಡುಹೂವಿನ ಸಸಿ ನೆಡಬೇಕಿತ್ತು. ಕುರ್ಪಿ ಹಿಡಿದು ಕೂತೆ. ಮೂವತ್ತು ಗುಂಡಿ ಆಗುವಷ್ಟರಲ್ಲಿ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು, ಅರವತ್ತಕ್ಕೆ ಸೊಂಟ ಹಿಡಿಯಿತು. ಉಳಿದ ಸಸಿಗಳು ಟ್ರೇಯಲ್ಲೇ ಎರಡು ದಿನ ಬಾಡುತ್ತಾ ಕೂತವು. ಅದಾದ ವಾರವೇ ಡ್ರಿಲ್‌ಗೆ ಹಾಕುವ ಆಗರ್ ತರಿಸಿದೆ. ಅಂದಿನಿಂದ ಇಂದಿನವರೆಗೆ ಸುಮಾರು ಎರಡು ಸಾವಿರ ಗುಂಡಿ ತೋಡಿದ್ದೇನೆ. ಕೊಂಡ ಮರುದಿನವೇ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು. ಈಗ ಬರೆಯುವುದಕ್ಕೆ ಬೇರೆ ವಿಷಯಗಳೂ ಇವೆ.

ನೋಡದವರಿಗೆ ಒಂದು ಮಾತು. ಇದು ಕಬ್ಬಿಣದ ಸರಳಿಗೆ ಸುರುಳಿಯಾಗಿ ತಗಡಿನ ರೆಕ್ಕೆ ಸುತ್ತಿ ವೆಲ್ಡ್ ಮಾಡಿದ ಉಪಕರಣ. ಕೆಳಗೆ ಮೊನೆ, ಮೇಲೆ ಆರು ಮೂಲೆಯ ದಂಡ. ಗೋಡೆಗೆ ತೂತು ಹೊಡೆಯುವ ಡ್ರಿಲ್‌ಗೇ ಸಿಕ್ಕಿಸಿ ಮಣ್ಣಿಗೆ ಇಳಿಸುವುದು. ಎಂಜಿನ್ ಇರುವ ದೊಡ್ಡ ಗುಂಡಿ ಯಂತ್ರ ಬೇರೆ, ಅದರ ಕೆಲಸವೂ ಬೇರೆ. ನನ್ನ ಹತ್ತಿರ ಎರಡಿವೆ. ಒಂದು 3 ಇಂಚು ಅಗಲ, 12 ಇಂಚು ಉದ್ದ. ಇನ್ನೊಂದು 2 ಇಂಚು ಅಗಲ, 24 ಇಂಚು ಉದ್ದ.

ಮೊದಲ ಪ್ರಶ್ನೆ ನಿಮ್ಮ ಡ್ರಿಲ್ ಯಾವುದು ಅನ್ನುವುದು. ಆಗರ್ ಕೊಳ್ಳುವವರು ಹೆಚ್ಚಾಗಿ ಆಗರ್ ಅನ್ನೇ ನೋಡುತ್ತಾರೆ. ಆದರೆ ಕೆಲಸ ಮಾಡುವುದು ಡ್ರಿಲ್, ದಣಿಯುವುದೂ ಅದೇ. ನಾನು ಬಳಸುವುದು 18 ವೋಲ್ಟ್ ಬ್ಯಾಟರಿಯದು, ಎರಡು ಗೇರ್ ಇರುವುದು. ಮಣ್ಣಿಗೆ ಯಾವಾಗಲೂ ಒಂದನೇ ಗೇರ್. ಅದರಲ್ಲಿ ನಿಮಿಷಕ್ಕೆ ನಾನೂರು-ಐನೂರು ಸುತ್ತು ಮಾತ್ರ, ಆದರೆ ತಿರುಚುವ ಬಲ ಜಾಸ್ತಿ. ಎರಡನೇ ಗೇರ್‌ನಲ್ಲಿ ಹಾಕಿದರೆ ಮಣ್ಣು ಮುಖಕ್ಕೆ ರಾಚುತ್ತದೆ, ಸ್ವಲ್ಪ ಗಟ್ಟಿ ಸಿಕ್ಕಿದರೆ ಮೋಟಾರ್ ನಿಂತೇ ಹೋಗುತ್ತದೆ. ಹ್ಯಾಮರ್ ಮೋಡ್, ಅಂದರೆ ಬಡಿಯುತ್ತಾ ಕೊರೆಯುವ ಆಯ್ಕೆ, ಬೇಡವೇ ಬೇಡ, ಮಣ್ಣಲ್ಲಿ ಅದರಿಂದ ಏನೂ ಉಪಯೋಗವಿಲ್ಲ.

ನನ್ನ ಹಳೆಯ 12 ವೋಲ್ಟ್ ಡ್ರಿಲ್‌ನಲ್ಲೂ ಪ್ರಯತ್ನಿಸಿದ್ದೆ. ಕುಂಡದ ಮಣ್ಣಿಗೆ ಸಾಕು, ನೆಲಕ್ಕೆ ಸಾಲದು. ಐದನೇ ಗುಂಡಿಗೇ ಸುಟ್ಟ ವಾಸನೆ ಬಂತು. ನಿಧಾನವಾಗಿ ತಿರುಗುವಾಗ ಮೋಟಾರಿನೊಳಗಿನ ಫ್ಯಾನೂ ನಿಧಾನವೇ ಅಲ್ವಾ, ಅದಕ್ಕೇ ಬಿಸಿ ಬೇಗ ಏರುತ್ತದೆ. ಈಗ ದೊಡ್ಡ ಡ್ರಿಲ್‌ನಲ್ಲೂ ಹತ್ತು-ಹದಿನೈದು ಗುಂಡಿಗೊಮ್ಮೆ ಆಗರ್ ಮೇಲೆತ್ತಿ ಒಂದರ್ಧ ನಿಮಿಷ ಖಾಲಿಯಾಗಿ ಜೋರಾಗಿ ತಿರುಗಿಸುತ್ತೇನೆ. ಒಳಗಿನ ಬಿಸಿ ಗಾಳಿ ಹೊರಗೆ ಬರುವುದು ಕೈಗೇ ತಿಳಿಯುತ್ತದೆ.

ಅಗಲದ ಲೆಕ್ಕವೂ ಇಲ್ಲೇ ಬರುತ್ತದೆ. 2 ಇಂಚಿಗಿಂತ 3 ಇಂಚು ಸ್ವಲ್ಪ ದೊಡ್ಡದು ಅನಿಸುತ್ತದೆ. ಆದರೆ ಅಷ್ಟೇ ಆಳಕ್ಕೆ ತೆಗೆಯಬೇಕಾದ ಮಣ್ಣು ಎರಡು ಪಟ್ಟಿಗೂ ಜಾಸ್ತಿ. 4 ಇಂಚಾದರೆ ನಾಲ್ಕು ಪಟ್ಟು. ಸಾಮಾನ್ಯ ಬ್ಯಾಟರಿ ಡ್ರಿಲ್‌ಗೆ 3 ಇಂಚೇ ಮಿತಿ ಅಂತ ನನ್ನ ಅಭಿಪ್ರಾಯ. ಅದಕ್ಕಿಂತ ಅಗಲ ಬೇಕಾದರೆ ಪಕ್ಕಪಕ್ಕದಲ್ಲಿ ಮೂರು ಗುಂಡಿ ತೋಡಿ ನಡುವಿನ ಮಣ್ಣನ್ನು ಕುರ್ಪಿಯಿಂದ ಬಿಡಿಸಿಕೊಳ್ಳಿ. ಡ್ರಿಲ್ ಉಳಿಯುತ್ತದೆ.

ಇನ್ನು ಮಣ್ಣಿನ ಹದ. ಈ ಮೂರು ವರ್ಷದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಣಗಿ ಬಿರುಕು ಬಿಟ್ಟ ಜೇಡಿಮಣ್ಣಿಗೆ ಆಗರ್ ಇಟ್ಟರೆ ಮೊನೆ ಮೇಲೆಯೇ ಗಿರಗಿರ ತಿರುಗಿ ಹಿಟ್ಟಿನಂಥ ಧೂಳು ಏಳುತ್ತದೆ, ಒಳಗೆ ಇಳಿಯುವುದಿಲ್ಲ. ಮೇಲಿಂದ ಒತ್ತಿದರೆ ಬ್ಯಾಟರಿ ಇಳಿಯುತ್ತದೆ, ಅಷ್ಟೇ. ನನ್ನ 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹದವಾದ ನೆಲದಲ್ಲಿ ಗೇಣುದ್ದದ ಐವತ್ತು-ಅರವತ್ತು ಗುಂಡಿ ಆಗುತ್ತವೆ. ಅದೇ ನೆಲ ಒಣಗಿದ್ದಾಗ ಹದಿನೈದು ಆದರೆ ಪುಣ್ಯ. ತುಂಬಾ ಒದ್ದೆಯಾಗಿದ್ದರೆ ಇನ್ನೊಂದು ತೊಂದರೆ. ಮಣ್ಣು ರೆಕ್ಕೆಗಳ ನಡುವೆ ಮೆತ್ತಿಕೊಂಡು ಇಡೀ ಆಗರ್ ಒಂದು ಮಣ್ಣಿನ ಕಂಬವಾಗುತ್ತದೆ. ಪ್ರತಿ ಗುಂಡಿಗೂ ನಿಂತು ಕಡ್ಡಿಯಿಂದ ಕೆರೆಯಬೇಕು.

ನಾನು ಈಗ ಹಿಂದಿನ ದಿನ ಸಂಜೆಯೇ ನೀರು ಬಿಡುತ್ತೇನೆ. ಬೆಳಿಗ್ಗೆ ನಾಲ್ಕು ಬೆರಳು ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ ನೋಡುತ್ತೇನೆ. ಉಂಡೆ ಕಟ್ಟಬೇಕು, ಹೆಬ್ಬೆರಳಿಂದ ಮೆಲ್ಲಗೆ ತಿವಿದರೆ ಒಡೆದು ಉದುರಬೇಕು. ಉಂಡೆಯೇ ಕಟ್ಟದಿದ್ದರೆ ಇನ್ನಷ್ಟು ನೀರು ಬೇಕು. ಒಡೆಯದೆ ಬರೀ ಚಪ್ಪಟೆಯಾದರೆ ಇನ್ನೊಂದು ದಿನ ಕಾಯಬೇಕು. ಹದ ಬಂದ ಮಣ್ಣಲ್ಲಿ ಆಗರ್ ತನ್ನಷ್ಟಕ್ಕೆ ತಾನೇ ಇಳಿಯುತ್ತದೆ, ನಾವು ಡ್ರಿಲ್ ಹಿಡಿದುಕೊಂಡಿದ್ದರೆ ಸಾಕು. ಒಂದು ಗುಂಡಿಗೆ ಹತ್ತು ಸೆಕೆಂಡ್. ಆ ಹತ್ತು ಸೆಕೆಂಡಿನ ಖುಷಿಗೇ ನಾನು ಇದನ್ನು ಇಷ್ಟು ಹಚ್ಚಿಕೊಂಡಿರುವುದು.

ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಇಳಿಸಬೇಡಿ. ಮೂರ್ನಾಲ್ಕು ಇಂಚು ಇಳಿದ ಮೇಲೆ, ತಿರುಗುತ್ತಿರುವಾಗಲೇ ಮೇಲೆತ್ತಿ. ರೆಕ್ಕೆ ತನ್ನ ಮೇಲಿನ ಮಣ್ಣನ್ನು ಹೊರಗೆ ತಂದು ಸುತ್ತ ಚೆಲ್ಲುತ್ತದೆ. ಮತ್ತೆ ಇಳಿಸಿ. ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆದರೆ ಆಗರ್ ಸುಲಭವಾಗಿ ಬರುತ್ತದೆ, ಆದರೆ ಮಣ್ಣೆಲ್ಲ ಗುಂಡಿಯಲ್ಲೇ ಉಳಿಯುತ್ತದೆ. ರಿವರ್ಸ್ ಇರುವುದು ಸಿಕ್ಕಿಕೊಂಡಾಗ ಬಿಡಿಸಿಕೊಳ್ಳಲು.

ಸಿಕ್ಕಿಕೊಳ್ಳುವ ವಿಷಯಕ್ಕೆ ಬಂದೆ. ಎರಡನೇ ತಿಂಗಳಲ್ಲಿ ಬೇಲಿ ಪಕ್ಕ ತೋಡುತ್ತಿದ್ದೆ. ಒಂದೇ ಕೈಯಲ್ಲಿ ಡ್ರಿಲ್, ಇನ್ನೊಂದು ಕೈಯಲ್ಲಿ ಸಸಿ. ಮಣ್ಣೊಳಗೆ ಹೆಬ್ಬೆರಳು ದಪ್ಪದ ಬೇರು ಇತ್ತು. ಆಗರ್ ಅದಕ್ಕೆ ಸಿಕ್ಕಿ ಗಕ್ಕನೆ ನಿಂತಿತು. ಅದು ನಿಂತರೂ ಮೋಟಾರ್ ನಿಲ್ಲಲಿಲ್ಲವಲ್ಲ, ಡ್ರಿಲ್ಲೇ ಎಡಕ್ಕೆ ತಿರುಗಿತು, ಅದರ ಜೊತೆ ನನ್ನ ಕೈಯೂ ತಿರುಗಿತು. ಮಣಿಕಟ್ಟು ಊದಿ ಹತ್ತು ದಿನ ಪಟ್ಟಿ ಕಟ್ಟಿಕೊಂಡಿದ್ದೆ. ಮೂಳೆ ಮುರಿಯಲಿಲ್ಲ ಅನ್ನುವುದೇ ಸಮಾಧಾನ.

ಆವತ್ತಿನಿಂದ ಪಕ್ಕದ ಹಿಡಿ ಹಾಕದೆ ಡ್ರಿಲ್ ಮುಟ್ಟಿಲ್ಲ. ಎರಡೂ ಕೈ ಡ್ರಿಲ್ ಮೇಲೇ ಇರಬೇಕು. ಕಾಲು ಅಗಲಿಸಿ ನಿಂತು, ಬಲ ಮೊಣಕೈಯನ್ನು ತೊಡೆಗೋ ಪಕ್ಕೆಗೋ ಒತ್ತಿಕೊಂಡರೆ ಜಗ್ಗಿದರೂ ತಡೆಯುತ್ತದೆ. ಇದಕ್ಕೆ 24 ಇಂಚಿನ ಆಗರ್ ತುಂಬಾ ಅನುಕೂಲ. ನಿಂತೇ ಕೆಲಸ ಮಾಡಬಹುದು, ಸೊಂಟ ಬಾಗಿಸಬೇಕಿಲ್ಲ. ಡ್ರಿಲ್‌ನಲ್ಲಿ ಕ್ಲಚ್ (ಮುಂಭಾಗದಲ್ಲಿ ಅಂಕಿಗಳಿರುವ ಉಂಗುರ) ಇದ್ದರೆ ಅದನ್ನು ಡ್ರಿಲ್ ಗುರುತಿನ ಬದಲು ದೊಡ್ಡ ಅಂಕಿಯೊಂದಕ್ಕೆ ಇಡಿ. ಬೇರು ಸಿಕ್ಕಾಗ ಕಟಕಟ ಅಂತ ಸದ್ದು ಮಾಡಿ ಬಿಟ್ಟುಕೊಡುತ್ತದೆ, ಕೈ ಉಳಿಯುತ್ತದೆ. ಕ್ಲಚ್ ಇಲ್ಲದ ವೈರಿನ ಡ್ರಿಲ್‌ಗಳಲ್ಲಿ ಬಲ ಜಾಸ್ತಿ, ಆದರೆ ಅವು ಬಿಟ್ಟುಕೊಡುವುದಿಲ್ಲ. ಅಂಥದ್ದನ್ನು ನಾನು ಮಣ್ಣಿಗೆ ಬಳಸುವುದಿಲ್ಲ, ಬೇರೆಯವರಿಗೂ ಹೇಳುವುದಿಲ್ಲ. ಸಡಿಲ ಗ್ಲೌಸ್, ದುಪಟ್ಟಾ, ಬಿಟ್ಟ ಕೂದಲು ಇವೆಲ್ಲ ತಿರುಗುವ ಸುರುಳಿಯಿಂದ ದೂರ ಇರಲಿ. ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಬೂಟು. ತೋಟದಲ್ಲಿ ನೀರಿನ ಪೈಪು, ಕರೆಂಟಿನ ಕೇಬಲ್ ಎಲ್ಲೆಲ್ಲಿ ಹೂತಿದೆ ಅಂತ ಗೊತ್ತಿಲ್ಲದೆ ಮೊದಲ ಗುಂಡಿಯನ್ನೇ ತೋಡಬೇಡಿ. ನಾನು ಒಂದು ಹನಿ ನೀರಾವರಿ ಪೈಪನ್ನು ಕತ್ತರಿಸಿ ಹಾಕಿದ್ದೇನೆ. ಕೇಬಲ್ ಆಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಕಲ್ಲು ಜಾಸ್ತಿ ಇರುವ ನೆಲಕ್ಕೆ ಇದು ಹೇಳಿದ್ದಲ್ಲ. ಗೋಲಿ ಗಾತ್ರದ ಕಲ್ಲುಗಳನ್ನು ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತದೆ. ಮುಷ್ಟಿ ಗಾತ್ರದ್ದು ಸಿಕ್ಕಿದರೆ ಅಲ್ಲಿಗೆ ನಿಂತಿತು. ಅಂಥ ಕಡೆ ಹಾರೆಯೇ ಸರಿ.

ಈಗ ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ ವಿಷಯ. ಮೊದಲ ವರ್ಷ ಚೆಂಡುಹೂವಿನ ಗಿಡಗಳ ಕಾಲ ಮುಗಿದ ಮೇಲೆ ಕಿತ್ತು ಹಾಕುತ್ತಿದ್ದೆ. ಒಂದು ಭಾಗದ ಗಿಡಗಳು ಸೊರಗಿದ್ದವು, ಹೂವು ಸಣ್ಣದು, ಮಧ್ಯಾಹ್ನಕ್ಕೆ ಎಲೆ ಜೋತು ಬೀಳುತ್ತಿತ್ತು. ಗೊಬ್ಬರ ಸಾಲದೇನೋ ಅಂದುಕೊಂಡಿದ್ದೆ. ಕಿತ್ತಾಗ ಬೇರಿನ ಗುಚ್ಛ ಸರಿಯಾಗಿ 3 ಇಂಚಿನ ಕೊಳವೆಯ ಆಕಾರದಲ್ಲಿ ಬಂತು! ಬೇರುಗಳು ಗುಂಡಿಯ ಗೋಡೆ ದಾಟಿ ಹೋಗೇ ಇಲ್ಲ, ಒಳಗೊಳಗೇ ಸುತ್ತು ಹಾಕಿವೆ, ಥೇಟ್ ಕುಂಡದಲ್ಲಿ ಬೆಳೆದ ಗಿಡದ ಹಾಗೆ. ಆ ಭಾಗ ನಾನು ಮಳೆ ಬಂದ ಮರುದಿನ ಹಸಿ ಜೇಡಿಮಣ್ಣಲ್ಲಿ ತೋಡಿದ್ದು. ಗುಂಡಿಯೊಂದು ಖಾಲಿ ಉಳಿದಿತ್ತು. ಬೆರಳು ಹಾಕಿ ಅದರ ಗೋಡೆ ಸವರಿದೆ. ಒಣಗಿದ ಮಡಕೆಯ ಒಳಮೈಯಷ್ಟು ನುಣುಪು. ತಿರುಗುವ ರೆಕ್ಕೆಯ ಅಂಚು ಹಸಿ ಜೇಡಿಯನ್ನು ಒತ್ತಿ ಸಾರಿಸಿಬಿಟ್ಟಿದೆ, ಅದು ಹಾಗೇ ಒಣಗಿ ಗಟ್ಟಿಯಾಗಿದೆ. ಎಳೆ ಬೇರು ಅದನ್ನು ತೂರಿ ಹೋಗುವುದು ಹೇಗೆ? ನೀರೂ ಅಲ್ಲೇ ನಿಲ್ಲುತ್ತದೆ.

ಆ ಗಿಡಗಳನ್ನು ನಾನೇ ಕೊಳವೆಯಲ್ಲಿ ಕೂಡಿಹಾಕಿದ್ದೆ ಅನಿಸಿ ತುಂಬಾ ಬೇಜಾರಾಯಿತು. ಈಗ ಪ್ರತಿ ಗುಂಡಿಯ ಗೋಡೆಯನ್ನೂ ಕೈಮುಳ್ಳಿನಿಂದ (ಹಲ್ಲುಗಳಿರುವ ಸಣ್ಣ ಕೈ ಉಪಕರಣ) ನಾಲ್ಕು ಕಡೆ ಗೀರುತ್ತೇನೆ. ಆಗರ್ ಅನ್ನೇ ಸ್ವಲ್ಪ ಓರೆ ಮಾಡಿ ಒಂದು ಸುತ್ತು ಆಡಿಸಿದರೂ ಅಂಚು ಒಡೆಯುತ್ತದೆ, ಆದರೆ ಕೈಮುಳ್ಳಿನ ಕೆಲಸವೇ ಚೆನ್ನ. ಗುಂಡಿಗೆ ಐದು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಎರಡನೇ ವರ್ಷ ಅದೇ ಜಾಗದಲ್ಲಿ, ಹದ ನೋಡಿ ತೋಡಿ, ಗೋಡೆ ಗೀರಿ ನೆಟ್ಟೆ. ಕೀಳುವಾಗ ಬೇರು ಗುಂಡಿಯಿಂದಾಚೆ ನಾಲ್ಕೂ ದಿಕ್ಕಿಗೆ ಹರಡಿತ್ತು, ಗಿಡ ಕೀಳಲು ಎರಡೂ ಕೈ ಬೇಕಾಯಿತು. ಮರಳು ಮಿಶ್ರಿತ ಮಣ್ಣಾದರೆ ಈ ತೊಂದರೆ ಇಲ್ಲ, ಗೋಡೆ ತಾನಾಗಿಯೇ ಉದುರುತ್ತದೆ.

ಹೂವಿನ ಗಡ್ಡೆಗಳಿಗೆ ಈ ಆಗರ್ ಹೇಳಿ ಮಾಡಿಸಿದಂತಿದೆ. ಗಡ್ಡೆಯ ಎತ್ತರದ ಎರಡು-ಮೂರು ಪಟ್ಟು ಆಳ ಬೇಕು ಅಲ್ವಾ, ನಾನು ಆಗರ್ ಮೇಲೆ ಆ ಎತ್ತರಕ್ಕೆ ಬಣ್ಣದ ಟೇಪ್ ಸುತ್ತಿಕೊಳ್ಳುತ್ತೇನೆ. ಟೇಪ್ ನೆಲ ಮುಟ್ಟಿದರೆ ಸಾಕು, ಎಲ್ಲ ಗುಂಡಿಯೂ ಒಂದೇ ಆಳ, ಹೂವೂ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ. ಒಂದು ಎಚ್ಚರ. ಮೊನೆಯಿಂದಾಗಿ ಗುಂಡಿಯ ತಳ ಚೂಪಾಗಿರುತ್ತದೆ. ಗಡ್ಡೆಯನ್ನು ಹಾಗೇ ಇಟ್ಟರೆ ಅದರ ಕೆಳಗೆ ಟೊಳ್ಳು ಉಳಿದು ಬೇರಿಗೆ ಮಣ್ಣು ಸಿಗುವುದಿಲ್ಲ. ಒಂದು ಹಿಡಿ ಸಡಿಲ ಮಣ್ಣು ಹಾಕಿ, ಆಮೇಲೆ ಗಡ್ಡೆ ಕೂರಿಸಿ.

ಹೂವಿನ ಸಸಿ, ಮೆಣಸಿನ ಸಸಿ, ಟೊಮೆಟೊ, ಆಧಾರದ ಕೋಲು ನೆಡುವುದು, ಇದಕ್ಕೆಲ್ಲ ಸರಿ. ಮರದ ಸಸಿಗೆ ಬೇಡ. ಅದಕ್ಕೆ ಬೇಕಾದದ್ದು ಆಳಕ್ಕಿಂತ ಅಗಲ, ಬೇರಿನ ಮುದ್ದೆಯ ಎರಡು-ಮೂರು ಪಟ್ಟು. ಅದಕ್ಕೆ ಗುದ್ದಲಿ, ಸಲಿಕೆಯೇ ಬೇಕು. ಆದರೆ ಬೆಳೆದ ಮರಕ್ಕೆ ಗೊಬ್ಬರ ಕೊಡಲು 2 ಇಂಚಿನದು ಬಹಳ ಉಪಯೋಗಕ್ಕೆ ಬಂತು. ಕೊಂಬೆಗಳ ನೆರಳಿನ ಹೊರ ಅಂಚಿನಲ್ಲಿ ಎರಡು ಅಡಿಗೊಂದರಂತೆ ಒಂದು ಅಡಿ ಆಳದ ಗುಂಡಿ ತೋಡಿ ಕಾಂಪೋಸ್ಟ್ ತುಂಬುತ್ತೇನೆ. ನೀರೂ ಅಲ್ಲಿಂದಲೇ ಇಳಿಯುತ್ತದೆ. ಬುಡದ ಹತ್ತಿರ ಮಾತ್ರ ಹೋಗಬೇಡಿ, ದಪ್ಪ ಬೇರುಗಳಿಗೆ ಗಾಯವಾಗುತ್ತದೆ.

ಬಾಳಿಕೆ ಹೇಗೆ? ನಾನು ಮೊದಲು ತರಿಸಿದ 3 ಇಂಚಿನದು ತೆಳು ತಗಡಿನದು. ಎಂಟು ತಿಂಗಳಿಗೆ ಕೆಳಗಿನ ರೆಕ್ಕೆಯ ವೆಲ್ಡಿಂಗ್ ಬಿರುಕು ಬಿಟ್ಟಿತು, ದಂಡ ಸ್ವಲ್ಪ ಬಾಗಿ ತಿರುಗುವಾಗ ಓಲಾಡತೊಡಗಿತು. ಓಲಾಡುವ ಆಗರ್‌ನಿಂದ ಗುಂಡಿ ದೊಡ್ಡದಾಗುತ್ತದೆ, ದಂಡವನ್ನು ಹಿಡಿದುಕೊಳ್ಳುವ ಡ್ರಿಲ್‌ನ ಬಾಯಿ, ಅಂದರೆ ಚಕ್ಕಿಗೂ ಒಳ್ಳೆಯದಲ್ಲ. ಎರಡನೆಯದನ್ನು ಕೊಳ್ಳುವಾಗ ರೆಕ್ಕೆ ದಪ್ಪ ಇದೆಯಾ, ವೆಲ್ಡ್ ಸುರುಳಿಯುದ್ದಕ್ಕೂ ಇದೆಯಾ ಅಥವಾ ಅಲ್ಲಲ್ಲಿ ಚುಕ್ಕೆ ಮಾತ್ರವಾ ಅಂತ ನೋಡಿ ತೆಗೆದುಕೊಂಡೆ. ಅದು ಎರಡು ವರ್ಷ ದಾಟಿದೆ, ಗಟ್ಟಿಯಾಗಿದೆ. ಬಣ್ಣ ಮೊದಲ ವಾರದಲ್ಲೇ ಹೋಯಿತು, ಅದು ಹೋಗುವುದೇ. ಕೆಲಸ ಮುಗಿದ ಮೇಲೆ ಮಣ್ಣು ಕೆರೆದು, ಒರೆಸಿ, ಎಣ್ಣೆ ಬಟ್ಟೆ ಸವರಿದರೆ ತುಕ್ಕು ಬರುವುದಿಲ್ಲ. ಆರು ತಿಂಗಳಿಗೊಮ್ಮೆ ಕೆಳಗಿನ ಅಂಚಿಗೆ ಅರ ಹಾಕುತ್ತೇನೆ, ಮೊಂಡಾದ ಅಂಚಿಗೂ ಹರಿತ ಅಂಚಿಗೂ ಬ್ಯಾಟರಿಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ದಂಡ ಆರು ಮೂಲೆಯದ್ದೇ ಇರಲಿ, ದುಂಡನೆಯದು ಚಕ್ಕಿನಲ್ಲಿ ಜಾರುತ್ತದೆ. ಆರು ಮೂಲೆಯದ್ದಕ್ಕೂ ಚಕ್ಕಿನ ಮೂರು ಹಲ್ಲು ಮೂರು ಚಪ್ಪಟೆ ಮುಖದ ಮೇಲೆ ಸರಿಯಾಗಿ ಕೂತಿದೆಯಾ ನೋಡಿ ಬಿಗಿ ಮಾಡಬೇಕು. ಮೂಲೆಯ ಮೇಲೆ ಕೂತರೆ ಹತ್ತು ಗುಂಡಿಗೆ ಸಡಿಲವಾಗುತ್ತದೆ. ದಂಡದ ದಪ್ಪ ನಿಮ್ಮ ಚಕ್ಕಿಗೆ ಹಿಡಿಸುತ್ತದಾ ಅಂತಲೂ ಕೊಳ್ಳುವ ಮೊದಲೇ ಅಳೆದುಕೊಳ್ಳಿ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಹತ್ತಿಪ್ಪತ್ತು ಸಸಿ ನೆಡುವವರಿಗೆ ಕುರ್ಪಿ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ನೂರರ ಲೆಕ್ಕದಲ್ಲಿ ನೆಡುವವರು, ಮಂಡಿ ಊರಿ ಕೂರಲು ಆಗದವರು, ಕೈಯಲ್ಲಿ ಈಗಾಗಲೇ ಒಳ್ಳೆಯ ಡ್ರಿಲ್ ಇರುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಒಂದೇ ಕೊಳ್ಳುವುದಾದರೆ 24 ಇಂಚಿನದು. ಜೊತೆಗೆ ಒಂದು ಕೈಮುಳ್ಳು.