ಅಮೆರಿಕಕ್ಕೆ ಒಯ್ಯಲು 110 ವೋಲ್ಟ್ ಮಿಕ್ಸಿ: ಕೊಳ್ಳಬಹುದಾ?

ಕೊಳ್ಳಬಹುದು, ಧಾರಾಳವಾಗಿ. ಮನೆಯಲ್ಲಿರುವ 230 ವೋಲ್ಟ್, 750 ವ್ಯಾಟ್ ಮಿಕ್ಸಿಯನ್ನೇ ಒಯ್ಯುವ ಆಸೆ ಬಿಡಿ. ಅಮೆರಿಕ, ಕೆನಡಾದಲ್ಲಿ ಮನೆಗೆ ಬರುವುದು 120 ವೋಲ್ಟ್, 60 ಹರ್ಟ್ಸ್. ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಮಿಕ್ಸಿ ಮುಲುಗುತ್ತದೆಯೇ ಹೊರತು ಕಾಯಿ ರುಬ್ಬುವುದಿಲ್ಲ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಒಯ್ದರೆ 23 ಕಿಲೋ ಸೂಟ್‌ಕೇಸಿನಲ್ಲಿ ಅದರದ್ದೇ ಹಲವು ಕಿಲೋ ಭಾರ.

ಅಲ್ಲಿನ ಕರೆಂಟಿಗೆಂದೇ ಮಾಡಿದ 550 ವ್ಯಾಟಿನ 110 ವೋಲ್ಟ್ ಮಾದರಿಗಳು ಬೆಂಗಳೂರಿನ ಅಂಗಡಿಗಳಲ್ಲಿ ಸಿಗುತ್ತವೆ. ಚಟ್ನಿ, ಸಾರಿನ ಪುಡಿ, ಹುಳಿಗೆ ಮಸಾಲೆ ಎಲ್ಲಕ್ಕೂ ಸಾಕು. ಇಡ್ಲಿಗೆ ಉದ್ದು ರುಬ್ಬುವಾಗ ಮಾತ್ರ ಹಿಟ್ಟು ಬಿಸಿಯಾಗುತ್ತದೆ. ತಣ್ಣೀರು ಹಾಕಿ, ಜಾರು ಅರ್ಧಕ್ಕಿಂತ ತುಂಬಿಸಬೇಡಿ, ಒಂದೆರಡು ನಿಮಿಷಕ್ಕೊಮ್ಮೆ ನಿಲ್ಲಿಸಿ. ನಿಂತೇ ಹೋದರೆ ಗಾಬರಿ ಬೇಡ: ಮೋಟಾರು ತಣ್ಣಗಾದ ಮೇಲೆ ತಳದಲ್ಲಿರುವ ಕೆಂಪು ಗುಂಡಿ ಒತ್ತಿ.

ದೊಡ್ಡ ಅನಾಹುತ ಆಗುವುದು ಹೊರಡುವ ಮೊದಲೇ. "ಒಮ್ಮೆ ನೋಡೋಣ" ಅಂತ 110 ವೋಲ್ಟ್ ಮಿಕ್ಸಿಯನ್ನು ಇಲ್ಲಿನ 230 ವೋಲ್ಟ್ ಪ್ಲಗ್ಗಿಗೆ ಸಿಕ್ಕಿಸಿದರೆ ಮೋಟಾರು ಸುಟ್ಟುಹೋಗುತ್ತದೆ. ಅಂಗಡಿಯಲ್ಲೇ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಿ ತೋರಿಸಲು ಹೇಳಿ.

ಜೊತೆಗೆ ಎರಡು ಕಪ್ಲರ್, ಎಲ್ಲ ಜಾರುಗಳ ಮುಚ್ಚಳದ ವಾಷರ್ ಕೊಳ್ಳಿ. ಮೊದಲು ಸವೆಯುವುದು ಜಾರಿನಡಿಯ ಆ ಹಲ್ಲುಹಲ್ಲಾದ ಕಪ್ಲರೇ, ಅಲ್ಲಿ ಹುಡುಕಿದರೂ ಅಳತೆಗೆ ಸರಿಯಾದದ್ದು ಸಿಗುವುದು ಕಷ್ಟ. ಜಾರುಗಳೊಳಗೆ ಕಾಲುಚೀಲ ತುರುಕಿ, ಮೋಟಾರನ್ನು ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ. ಬ್ಲೇಡ್ ಇರುವುದರಿಂದ ಕೈಚೀಲದಲ್ಲಿ ಬೇಡ, ಚೆಕ್-ಇನ್ ಸಾಮಾನಿಗೇ ಹಾಕಿ.

ಲಂಡನ್ನಿಗೋ ಜರ್ಮನಿಗೋ ಹೊರಟವರಿಗೆ 110 ವೋಲ್ಟ್ ಮಿಕ್ಸಿ ಬೇಡವೇ ಬೇಡ. ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಿಸಿದರೆ ಹಳೇ ಮಿಕ್ಸಿಯೇ ಓಡುತ್ತದೆ.