ಓರಿಯನ್ ನೆಬ್ಯುಲಾಗೆ ಯಾವ್ದು ತಗೋಳೋದು: 8 ಇಂಚು ಡಾಬ್ಸೋನಿಯನ್ನಾ, ಸೀಸ್ಟಾರ್ ಎಸ್50ನಾ?

ಓರಿಯನ್ ನೆಬ್ಯುಲಾ (ಎಂ42) ಅಂದ್ರೆ ಓರಿಯನ್ ನಕ್ಷತ್ರಪುಂಜದಲ್ಲಿರೋ ಅನಿಲ, ಧೂಳಿನ ಮೋಡ. ಡಾಬ್ಸೋನಿಯನ್ (ಡಾಬ್) ಕೈಯಲ್ಲೇ ತಿರುಗಿಸೋ ಕನ್ನಡಿ ಟೆಲಿಸ್ಕೋಪು, ಸೀಸ್ಟಾರ್ ತಾನೇ ಫೋಟೋ ತೆಗೆಯೋ ಸ್ಮಾರ್ಟ್ ಟೆಲಿಸ್ಕೋಪು. ಕಣ್ಣಾರೆ ನೋಡ್ಬೇಕಾ, ಫೋಟೋ ಬೇಕಾ, ಮೊದ್ಲು ಅದನ್ನ ತೀರ್ಮಾನ ಮಾಡ್ಕೊಳ್ಳಿ. ಡಾಬ್ ಕನ್ನಡಿ 200 ಎಂಎಂ, ಸೀಸ್ಟಾರ್ ಲೆನ್ಸು 50 ಎಂಎಂ, ಅಂದ್ರೆ ಡಾಬ್ ಹೆಚ್ಚುಕಮ್ಮಿ 16 ಪಟ್ಟು ಬೆಳಕು ಹಿಡಿಯುತ್ತೆ. 25 ಎಂಎಂ ಐಪೀಸ್ (ಕಣ್ಣಿಟ್ಟು ನೋಡೋ ಲೆನ್ಸು) ಹಾಕಿ ಎಂ42 ಕಡೆ ತಿರುಗಿಸಿದ್ರೆ ನಡುವೆ ಟ್ರಪೀಜಿಯಂ ಅನ್ನೋ ಗುಂಪಿನ ನಾಲ್ಕು ನಕ್ಷತ್ರ ಬಿಡಿಬಿಡಿಯಾಗಿ ಕಾಣ್ತವೆ, ಸುತ್ತ ರೆಕ್ಕೆ ಬಿಚ್ಕೊಂಡಿರೋ ಬೂದು ಮೋಡ, ಸುಮಾರು 1,300 ವರ್ಷ ಹಿಂದೆ ಹೊರಟ ಬೆಳಕು ಸೀದಾ ನಿಮ್ ಕಣ್ಣಿಗೇ ಬೀಳ್ತಿರುತ್ತೆ, ಅದಕ್ಕೆ ಸಮ ಯಾವ್ದೂ ಇಲ್ಲ ಅಂತೀನಿ. ಫೋಟೋದಲ್ಲಿರೋ ಕೆಂಪು ಮಾತ್ರ ಕಾಣಲ್ಲ, ಅಷ್ಟು ಮಂದ ಬೆಳಕಲ್ಲಿ ನಮ್ ಕಣ್ಣಿಗೆ ಕೆಂಪು ಗೊತ್ತಾಗಲ್ಲ.

ಆ ಕೆಂಪು ಬೇಕು ಅಂದ್ರೆ ಸೀಸ್ಟಾರೇ. ತಾನೇ ಹುಡುಕುತ್ತೆ, 10 ಸೆಕೆಂಡಿನ ಫ್ರೇಮ್ ಒಂದರ ಮೇಲೊಂದು ಪೇರಿಸ್ತಾ ಹೋಗುತ್ತೆ, ಅರ್ಧ ಗಂಟೆಲಿ ಹೈಡ್ರೋಜನ್ ಕೆಂಪು ಮೊಬೈಲಲ್ಲಿ ಎದ್ದು ಕಾಣುತ್ತೆ, ಒಳಗೇ ನಗರದ ಬೆಳಕು ತಡೆಯೋ ಫಿಲ್ಟರ್ ಇರೋದ್ರಿಂದ ಬೆಂಗಳೂರಿನ ಟೆರೇಸಲ್ಲೂ ನಡಿಯುತ್ತೆ. ಆದ್ರೆ ಐಪೀಸ್ ಇಲ್ಲ, ಟ್ರಪೀಜಿಯಂ ಜಾಗ ಬೆಳ್ಳಗೆ ಸುಟ್ಟೋಗುತ್ತೆ. ಮಾಮೂಲಿ ಡಾಬಲ್ಲಿ ಟ್ರ್ಯಾಕಿಂಗ್ (ನಕ್ಷತ್ರ ಸರಿದಂಗೆ ತಾನೂ ತಿರುಗೋದು) ಇರಲ್ಲ, ಲಾಂಗ್ ಎಕ್ಸ್‌ಪೋಶರ್ ಫೋಟೋ ಮರೆತ್ಬಿಡಿ.

ತೂಕನೂ ನೋಡಿ, ಸೀಸ್ಟಾರ್ ಎರಡೂವರೆ ಕೆಜಿ, ಡಾಬ್ 20 ಕೆಜಿ ಮೇಲೆ. ಮನೇಲಿ ಮಕ್ಕಳಿದ್ರೆ, ಊರ ಕಡೆ ಕತ್ತಲೆ ಆಕಾಶ ಸಿಗೋದಾದ್ರೆ ನನ್ನ ಓಟು ಡಾಬ್‌ಗೆ. ಲಿಫ್ಟಿಲ್ಲದ ಮೂರನೇ ಮಹಡಿ ಆದ್ರೆ ಸೀಸ್ಟಾರ್ ತಗೊಳ್ಳಿ, ಡಿಸೆಂಬರ್ ಒಳಗೇ ತಗೊಂಡ್ರೆ ಮಾರ್ಚ್‌ವರೆಗೂ ಎಂ42 ಸಿಗುತ್ತೆ.